ಛಾವಣಿಯ ಬ್ರಹ್ಮ

ಮಾಟುಂಗ, ಮುಂಬೈ

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಇಲ್ಲಿ ಮುಂಬೈಯ ಮ್ಯೂಸಿಯಂನಲ್ಲಿ ತೆಗೆದು, ಪುಣೆಗೆ ಹೋದ ಮೇಲೆ ವಾಟ್ಸಾಪಿನಲ್ಲಿ ಕಳಿಸಿದ ಫೋಟೊಗಳನ್ನು ನಿನ್ನ ಅತ್ತೆಯೂ ನಾನೂ ಕೂತು ನೋಡಿದೆವು. "ಇಷ್ಟೊಂದು ತೆಗೆದೆ, ಒಂದೂ ಮನಸ್ಸಿಗೆ ತಾಕಲಿಲ್ಲ. ಅಷ್ಟು ದೇವರುಗಳ ಮುಂದೆ ನಿಂತರೂ ಭಕ್ತಿ ಬರಲಿಲ್ಲ" ಅಂತ ಬರೆದಿದ್ದೀಯಲ್ಲ, ಫೋನಿನಲ್ಲಿ ಮಾತಾಡಿದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ.

ಫೋಟೊಗಳು ಚೆನ್ನಾಗಿಯೇ ಇವೆ. ಆದರೆ ಬೆಳಿಗ್ಗೆ ಹೋದವಳು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ, ಅಷ್ಟರಲ್ಲಿ ಎಲ್ಲ ಮಹಡಿಯನ್ನೂ ಮುಗಿಸಿದ್ದೆ! ಮದುವೆಮನೆ ಫೋಟೊಗ್ರಾಫರ್ ಕೂಡ ಇಷ್ಟು ಅವಸರ ಮಾಡೋದಿಲ್ಲ ಮಾರಾಯ್ತಿ.

ನೀನು ನೋಡಿದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಅಂದರೆ ನಮ್ಮ ತಲೆಮಾರಿಗೆ ಈಗಲೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಜಾರ್ಜ್ ವಿಟೆಟ್ ಅನ್ನುವ ವಾಸ್ತುಶಿಲ್ಪಿಯ ನಕ್ಷೆ ಅದು. ಗೇಟ್‌ವೇ ಆಫ್ ಇಂಡಿಯಾ ಕೂಡ ಅವನ ನಕ್ಷೆಯೇ. 1914ಕ್ಕೇ ಕಟ್ಟಡ ಮುಗಿದರೂ ಮೊದಲ ಮಹಾಯುದ್ಧದ ಕಾಲದಲ್ಲಿ ಅದು ಆಸ್ಪತ್ರೆಯಾಗಿತ್ತು. ಮ್ಯೂಸಿಯಂ ಅಂತ ಬಾಗಿಲು ತೆರೆದಿದ್ದು 1922ರಲ್ಲಿ. ಅದರ ಗುಮ್ಮಟಕ್ಕೆ ನಮ್ಮ ವಿಜಯಪುರದ ಗೋಲಗುಂಬಜವೇ ಮಾದರಿ ಅಂತಾರೆ. ಅದಿರಲಿ.

ನೀನು ಕಳಿಸಿದ್ದರಲ್ಲಿ ಒಂದು ಫೋಟೊ ನೋಡಿ ನಾನು ತಡೆದು ನಿಂತೆ. ಶಿಲ್ಪಗಳ ಗ್ಯಾಲರಿಯ ಬ್ರಹ್ಮ. ಕಮಲದ ಮೇಲೆ ಕೂತಿದ್ದಾನೆ, ಸುತ್ತ ಋಷಿಗಳು. ನಾಲ್ಕು ತಲೆಯವನಾದರೂ ನಮಗೆ ಕಾಣುವುದು ಮೂರೇ ಮುಖ. ಕೆಳಗಿನ ಚೀಟಿ ಓದಿದೆಯಾ? ಐಹೊಳೆಯದು, ಹುಚ್ಚಪ್ಪಯ್ಯ ಗುಡಿಯದು, 7ನೇ ಶತಮಾನದ್ದು. ಅಲ್ಲೇ ವಿಷ್ಣು, ಶಿವರ ಫಲಕಗಳೂ ಇವೆ. ಚಾಲುಕ್ಯರ ಕಾಲದ ಕನ್ನಡ ನೆಲದ ಕಲ್ಲು ಅದು. ಮುಂಬೈ ಕನ್ನಡಿಗರು ಎಷ್ಟು ಜನ ಅದರ ಮುಂದೆ ಸುಮ್ನೆ ಹಾದುಹೋಗಿದ್ದಾರೋ!

ಈಗ ಕೇಳು. ಅದು ಗೋಡೆಯ ಕಲ್ಲಲ್ಲ, ಛಾವಣಿಯ ಕಲ್ಲು. ಗುಡಿಯಲ್ಲಿ ಅದು ಕೆಳಮುಖವಾಗಿ ಕೂತಿತ್ತು. ಜನ ಕತ್ತೆತ್ತಿ ನೋಡಬೇಕಿತ್ತು. ನೇರ ಬಿಸಿಲು ಅದಕ್ಕೆ ಬೀಳುವಂತೆಯೇ ಇರಲಿಲ್ಲ. ಬಾಗಿಲಿಂದ ಬಂದು ನೆಲಕ್ಕೆ ಬಿದ್ದು ಮೇಲಕ್ಕೆ ಚಿಮ್ಮಿದ ಬೆಳಕಷ್ಟೇ. ಈಗ ಅದನ್ನು ನಿಲ್ಲಿಸಿದ್ದಾರೆ, ಬೆಳಕು ಮೇಲಿನಿಂದ ಬರುತ್ತದೆ. ಹಾಗಾಗಿ ನೆರಳೆಲ್ಲ ತಿರುವುಮುರುವಾಗಿದೆ. ನೀನು ಎದುರಿಗೆ ನಿಂತು ನೇರವಾಗಿ ಹೊಡೆದಿದ್ದೀಯ, ಬ್ರಹ್ಮ ಪಾಸ್‌ಪೋರ್ಟ್ ಫೋಟೊಕ್ಕೆ ಕೂತವನಂತೆ ಕಾಣುತ್ತಾನೆ. ಮುಂದಿನ ಸಲ ಕ್ಯಾಮೆರಾ ಚೀಲದಲ್ಲೇ ಇರಲಿ. ಮೊದಲು ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ನೋಡು. ಋಷಿಗಳ ಕೈಯ ಹತ್ತಿರ ಉಳಿ ಎಷ್ಟು ಆಳಕ್ಕೆ ಇಳಿದಿದೆ, ಎಲ್ಲಿ ಸವೆದಿದೆ, ನೋಡು. ಯಾರದೋ ತಲೆಯ ಮೇಲೆ, ಮಬ್ಬಿನಲ್ಲಿ ಇರುವ ಕಲ್ಲಿಗೆ ಆ ಶಿಲ್ಪಿ ಅಷ್ಟು ಕೆಲಸ ಮಾಡಿದ್ದೇಕೆ ಅಂತ ಯೋಚಿಸು. ನನಗೆ ಭಕ್ತಿ ಅಂದರೆ ಅಲ್ಲಿ ಶುರುವಾಗುತ್ತದೆ. ನಿನಗೆ ಬೇರೆ ಕಡೆ ಆಗಬಹುದು.

ಮಂಗಳಾರತಿ ಇಲ್ಲ, ಗಂಟೆ ಇಲ್ಲ, ಹೂವಿಲ್ಲ, ನಿಜ. ಆದರೆ ದೊಡ್ಡ ದೇವಸ್ಥಾನಗಳಲ್ಲಿ ನಮಗೆ ಸಿಗುವ ದರ್ಶನ ಎಷ್ಟು ಹೊತ್ತು ಹೇಳು? ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ." ಇಲ್ಲಿ ಒಂದು ಗಂಟೆ ನಿಂತರೂ ಯಾರೂ ತಳ್ಳುವುದಿಲ್ಲ. ಇದನ್ನು ನಿನ್ನ ಅಜ್ಜಿಯ ಎದುರು ಹೇಳಬೇಡ, ನನಗೇ ಬೈಗುಳ.

ಚಿಕಣಿ ಚಿತ್ರಗಳ ಫೋಟೊಗಳಲ್ಲಿ ನಿನ್ನ ಮುಖವೇ ಜಾಸ್ತಿ ಕಾಣುತ್ತಿದೆ! ಗಾಜಿನ ಪ್ರತಿಬಿಂಬ ಅದು. ಕಪ್ಪು ಅಂಗಿ ಹಾಕಿಕೊಂಡು ಹೋಗು, ಗಾಜಿಗೆ ತಾಗದ ಹಾಗೆ ಲೆನ್ಸನ್ನು ಹತ್ತಿರ ಒಯ್ದು ಸ್ವಲ್ಪ ಓರೆ ಹಿಡಿ. ಅಲ್ಲಿ ಬೆಳಕು ಕಮ್ಮಿ ಅಂತ ದೂರಿದ್ದೀಯ. ಕಾಗದ, ಬಣ್ಣ ಬೆಳಕಿಗೆ ಮಾಸುತ್ತವೆ, ಅಂಥವಕ್ಕೆ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಸಾಕು ಅಂತ ಮ್ಯೂಸಿಯಂನವರ ಲೆಕ್ಕ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಕ್ಯಾಮೆರಾದಲ್ಲಿ ಐಎಸ್ಒ, ಅಂದರೆ ಬೆಳಕಿಗೆ ಅದರ ಸೂಕ್ಷ್ಮತೆ, ಏರಿಸು, ಉಸಿರು ಹಿಡಿದು ಒತ್ತು. ಸ್ವಲ್ಪ ಮರಳು ಮರಳಾಗಿ ಬಂದರೆ ಬರಲಿ.

ಪಕ್ಕದಲ್ಲೇ ಜಹಾಂಗೀರ್ ಆರ್ಟ್ ಗ್ಯಾಲರಿ, ಅಲ್ಲಿಗೆ ಟಿಕೆಟ್ಟೂ ಇಲ್ಲ. ಹೊರಗೆ ಫುಟ್‌ಪಾತಿನಲ್ಲಿ ಚಿತ್ರ ಬರೆಯುವವರು ಕೂತಿರುತ್ತಾರಲ್ಲ, ಅವರ ಕೈ ನೋಡು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಇದೇ ಊರಲ್ಲಿ ಬದುಕಿ, ನಾಲ್ಕೆಂಟು ಗೆರೆಯಲ್ಲಿ ನರ್ತಕಿಯನ್ನು ಕುಣಿಸಿದವರು. ಕಡಿಮೆ ಗೆರೆಯಲ್ಲಿ ಅಷ್ಟು ಹೇಳಬೇಕಾದರೆ ಎಷ್ಟು ನೋಡಿರಬೇಕು, ಅಲ್ವಾ?

ಇನ್ನೊಂದು ಕೆಲಸ. ರಜೆಯಲ್ಲಿ ಬಾದಾಮಿಗೆ ಹೋಗುವವರಿದ್ದೀರಿ ಅಂತ ನಿನ್ನ ಅಮ್ಮ ಹೇಳಿದಳು. ಐಹೊಳೆ ಅಲ್ಲಿಂದ ದೂರವೇನಿಲ್ಲ. ದುರ್ಗದ ಗುಡಿಯಲ್ಲಿ ಎಲ್ಲರೂ ಫೋಟೊ ತೆಗೆಯುತ್ತಾರೆ, ನೀನೂ ತೆಗೆ. ಆಮೇಲೆ ಹುಚ್ಚಪ್ಪಯ್ಯ ಗುಡಿ ಎಲ್ಲಿ ಅಂತ ಕೇಳಿಕೊಂಡು ಹೋಗು. ಒಳಗೆ ಅಂಗಾತ ಮಲಗಿ, ಆ ಬ್ರಹ್ಮ ಮೊದಲು ಇದ್ದ ಛಾವಣಿಯನ್ನು ನೋಡು. ಅಲ್ಲಿಂದ ಒಂದೇ ಒಂದು ಫೋಟೊ ಕಳಿಸು, ಜಾಸ್ತಿ ಬೇಡ. ಜೊತೆಗೆ ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಅಂತ ಬರೆ.

ನಿನ್ನ ಅತ್ತೆ ಚಕ್ಕುಲಿ ಕಳಿಸುತ್ತಿದ್ದಾಳೆ. ಡಬ್ಬಿ ವಾಪಸ್ ತರಬೇಕಂತೆ.

ಇಂತಿ ನಿನ್ನ
ಮಾವ