ಗೃಹ ಸಚಿವರಿಗೊಂದು ಬಹಿರಂಗ ಪತ್ರ: ಮೈಸೂರು ಚಲೋ ನಡೆದ ನಾಡಲ್ಲಿ ಮೆರವಣಿಗೆಗೆ ದಾರಿ ಇಲ್ವಾ?

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

ಸರ್, ನಾನು ಯಾವ ಪಕ್ಷದವನೂ ಅಲ್ಲ, ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಈಗ ಸರ್ಕಾರಕ್ಕೆ ಯಾರು ಏನು ಬರೆದ್ರೂ ಜನ ಮೊದಲು ಕೇಳೋದೇ ಅದನ್ನ. ನನ್ನ ತಕರಾರು 2021ರ ಆ ಆದೇಶದ ಬಗ್ಗೆ, ಬೆಂಗಳೂರಲ್ಲಿ ಪ್ರತಿಭಟನೆ, ಧರಣಿ, ರ‍್ಯಾಲಿ ಏನೇ ಇದ್ರೂ ಫ್ರೀಡಂ ಪಾರ್ಕಿನಲ್ಲೇ ಮಾಡ್ಬೇಕು ಅನ್ನೋದು. ಆದೇಶ ಮಾಡಿದ ಸರ್ಕಾರ ಹೋಯ್ತು, ಆದೇಶ ಮಾತ್ರ ಉಳ್ಕೊಂಡಿದೆ. ವಿರೋಧ ಪಕ್ಷದಲ್ಲಿದ್ದಾಗ ಬೇಡ ಅನ್ಸಿದ್ದು ಅಧಿಕಾರಕ್ಕೆ ಬಂದ್ಮೇಲೆ ಅನುಕೂಲ ಅನ್ಸುತ್ತೆ ಅಂತ ಕಾಣುತ್ತೆ, ಇದು ಎಲ್ಲಾ ಪಕ್ಷಕ್ಕೂ ಸೇರಿಸಿ ಹೇಳ್ತಿರೋ ಮಾತು.

ಟ್ರಾಫಿಕ್ ತೊಂದರೆ ಸುಳ್ಳಲ್ಲ ಸರ್, ಒಪ್ತೀನಿ. ಹೈಕೋರ್ಟ್‌ನಲ್ಲಿ ಕೇಸ್ ಶುರುವಾಗಿದ್ದೂ ಅದರಿಂದಾನೇ, ಆಂಬುಲೆನ್ಸ್ ಸಿಕ್ಕಾಕ್ಕೊಂಡ್ರೆ ಯಾವ ಹೋರಾಟಗಾರನಿಗೂ ಖುಷಿ ಆಗಲ್ಲ. ಆದ್ರೆ ನೀವು ಕೊಟ್ಟಿರೋ ಜಾಗ ಯಾವುದು ನೋಡಿ. ಅದು ಹಳೇ ಸೆಂಟ್ರಲ್ ಜೈಲು. ಎಮರ್ಜೆನ್ಸಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನೆಲ್ಲಾ ಇಟ್ಟಿದ್ದ ಜೈಲು. ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ಒದ್ದಾಡಿದ್ದೂ ಅಲ್ಲೇ, ಬಿಡುಗಡೆ ಆದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡ್ರು. ಆ ಕಾಂಪೌಂಡಿಗೆ ಸ್ವಾತಂತ್ರ್ಯದ ಹೆಸರಿಟ್ಟಿದ್ದು ಒಳ್ಳೇದೇ, ಆದ್ರೆ ಇಡೀ ಊರಿನ ಪ್ರತಿಭಟನೆಯನ್ನ ವಾಪಸ್ ಅದೇ ಕಾಂಪೌಂಡಿನ ಒಳಗೆ ಕಳಿಸೋದು ಯಾರ ಐಡಿಯಾ ಅಂತ.

ಸರ್, 1947ರ ಆಗಸ್ಟ್ 15ಕ್ಕೆ ದೇಶಕ್ಕೆಲ್ಲಾ ಸ್ವಾತಂತ್ರ್ಯ ಬಂದಾಗ ಮೈಸೂರು ಸಂಸ್ಥಾನದ ಜನಕ್ಕೆ ಜವಾಬ್ದಾರಿ ಸರ್ಕಾರ, ಅಂದ್ರೆ ಜನಪ್ರತಿನಿಧಿಗಳಿಗೆ ಉತ್ತರ ಕೊಡೋ ಸರ್ಕಾರ, ಬಂದಿರ್ಲಿಲ್ಲ. ಒಕ್ಕೂಟಕ್ಕೆ ಸೇರೋ ಸಹಿ ಬಿದ್ದಿತ್ತು, ಆದ್ರೆ ಒಳಗೆ ಆಡಳಿತ ಮಹಾರಾಜರದ್ದು, ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರದ್ದು. ಸೆಪ್ಟೆಂಬರ್ 1ಕ್ಕೆ ಕೆ.ಸಿ. ರೆಡ್ಡಿ ಅವರ ನಾಯಕತ್ವದಲ್ಲಿ ಮೈಸೂರು ಚಲೋ ಶುರುವಾಯ್ತು, ಅವರನ್ನ ಅರೆಸ್ಟ್ ಮಾಡಿದ್ರು, ಚಳವಳಿ ನಿಲ್ಲಲಿಲ್ಲ, ಸ್ಟೂಡೆಂಟ್ಸ್ ಕ್ಲಾಸ್ ಬಿಟ್ಟು ಬೀದಿಗೆ ಬಂದ್ರು, ಕಾರ್ಮಿಕರು ಮುಷ್ಕರ ಹೂಡಿದ್ರು, ಜೈಲುಗಳು ತುಂಬಿದ್ವು. ಮೈಸೂರಲ್ಲಿ ರಾಮಸ್ವಾಮಿ ಅನ್ನೋ ಹುಡುಗ ಗುಂಡಿಗೆ ಬಲಿಯಾದ, ಇವತ್ತು ನೀವು ಮೈಸೂರಿಗೆ ಹೋದಾಗ ನಿಮ್ಮ ಕಾನ್ವಾಯ್ ದಾಟಿ ಹೋಗೋ ರಾಮಸ್ವಾಮಿ ಸರ್ಕಲ್ ಅವನ ಹೆಸರಿಂದು. ಅಕ್ಟೋಬರಲ್ಲಿ ಅರಮನೆ ಒಪ್ಪಿಕೊಳ್ತು, ಜೈಲಿಂದ ಬಂದ ರೆಡ್ಡಿಯವರೇ ಮೊದಲ ಮುಖ್ಯಮಂತ್ರಿ ಆದ್ರು. ಅಂದ್ರೆ ನಿಮ್ಮ ಇಡೀ ಸಚಿವ ಸಂಪುಟ ಅನ್ನೋ ವ್ಯವಸ್ಥೆ ಹುಟ್ಟಿದ್ದೇ ಪರ್ಮಿಶನ್ ಇಲ್ಲದ ಒಂದು ಮೆರವಣಿಗೆಯಿಂದ. ಇವತ್ತಿನ ರೂಲ್ಸ್ ಅವತ್ತು ಇದ್ದಿದ್ರೆ ರೆಡ್ಡಿಯವರ ಮೇಲೆ ಎಫ್ಐಆರ್ ಹಾಕಿ, ಒಂದು ಗ್ರೌಂಡ್ ತೋರಿಸಿ, ಸಂಜೆ ಇಷ್ಟು ಗಂಟೆ ಒಳಗೆ ಮುಗಿಸಿ ಹೊರಡಿ ಅಂತಿದ್ರು.

ಮೈಸೂರು ಅರಸರನ್ನ ಹೊಗಳೋದು ನಮಗೆ ಅಭ್ಯಾಸ, ಹೊಗಳಬೇಕಾದ್ದು ಇದೆ ಕೂಡ, 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಮಾಡಿದ ಸಂಸ್ಥಾನ ಅದು. ಆದ್ರೆ ಆ ಸಭೆ ಅರ್ಜಿ ಹೇಳ್ಕೊಳ್ಳೋ ಜಾಗ ಆಗಿತ್ತೇ ಹೊರತು ಸರ್ಕಾರವನ್ನ ಇಳಿಸೋ ಜಾಗ ಆಗಿರ್ಲಿಲ್ಲ. ಫ್ರೀಡಂ ಪಾರ್ಕೂ ಹೆಚ್ಚುಕಮ್ಮಿ ಹಾಗೇ ಆಗ್ತಿದೆ. ಒಳಗೆ ಎಷ್ಟು ಬೇಕಾದ್ರೂ ಕೂಗಿ, ಹೊರಗಿನವರಿಗೆ ಕೇಳಿಸಲ್ಲ.

ಗಲಾಟೆ ಆಗುತ್ತೆ ಅಂತ ಮೊದಲೇ ನಿಷೇಧ ಹಾಕೋದರ ಕಥೆ ಗೊತ್ತಾಗ್ಬೇಕಂದ್ರೆ ವಿದುರಾಶ್ವತ್ಥಕ್ಕೆ ಹೋಗ್ಬೇಕು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸಿದ್ರು. ಅದೇ ತಿಂಗಳು 25ಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಜಾತ್ರೆ ಟೈಮಲ್ಲಿ, ಅಲ್ಲೂ ನಿಷೇಧಾಜ್ಞೆ ಇದ್ದಾಗ ಜನ ಸೇರಿದ್ರು, ಪೊಲೀಸರು ಗುಂಡು ಹಾರಿಸಿದ್ರು. ಸತ್ತವರು 10 ಜನ ಅಂತ ಸರ್ಕಾರ ಹೇಳ್ತು, ಮೂವತ್ತಕ್ಕಿಂತ ಹೆಚ್ಚು ಅಂತ ಜನ ಹೇಳ್ತಾ ಬಂದ್ರು. ಒಂದು ಬಟ್ಟೆ ತುಂಡಿನ ಮೇಲೆ ನಿಷೇಧ ಹಾಕಿ ಅಷ್ಟು ಜೀವ ಹೋಯ್ತು. ಆಮೇಲೆ ಸರ್ದಾರ್ ಪಟೇಲರು, ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಕೂತು ಮಾತಾಡಿ ಆಗಿದ್ದೇನು? ಕಾಂಗ್ರೆಸ್ ಬಾವುಟ, ಸಂಸ್ಥಾನದ ಬಾವುಟ ಎರಡೂ ಹಾರಲಿ ಅಂತ ಒಪ್ಪಂದ. ಇಷ್ಟೇ ಸರ್! ಈ ಮಾತನ್ನ ಒಂದು ತಿಂಗಳು ಮೊದಲು ಆಡಿದ್ರೆ ಆಗ್ತಿರ್ಲಿಲ್ವಾ.

ನಿಮ್ಮ ಇಲಾಖೆಯವರು ತಕ್ಷಣ ಹೇಳೋದು ಗೊತ್ತು, ಇವತ್ತಿನ ಮೆರವಣಿಗೆ ಬೇರೆ, ಧರ್ಮದ ವಿಷಯ ಬರುತ್ತೆ, ಯಾರ ಡೋಲು ಯಾರ ಬೀದಿಯಲ್ಲಿ ಅಂತ ಜಗಳ ಆಗುತ್ತೆ ಅಂತ. ಆ ಜಗಳಾನೂ ಹೊಸದಲ್ಲ. 1368ರಲ್ಲಿ ವಿಜಯನಗರದ ರಾಜ ಬುಕ್ಕರಾಯನ ಮುಂದೆ ಬಂದ ಕೇಸು ಇದೇ ಥರದ್ದು, ಜೈನರು ಪಂಚ ಮಹಾವಾದ್ಯ ಬಾರಿಸಬಹುದಾ, ಕಲಶ ಇಟ್ಕೋಬಹುದಾ ಅಂತ ವೈಷ್ಣವರ ಜೊತೆ ತಕರಾರು. ರಾಜ ಇಬ್ಬರ ವಾದ್ಯಾನೂ ಬಂದ್ ಮಾಡಿಸಲಿಲ್ಲ. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ, ಅವರ ವಾದ್ಯ ಕಲಶ ಅವರಿಗೆ ಸಲ್ಲುತ್ತೆ, ಅವರಿಗೆ ಹಾನಿಯಾದ್ರೆ ನಿಮಗೇ ಹಾನಿಯಾದಂಗೆ ತಿಳ್ಕೊಳ್ಳಿ ಅಂದ, ಶ್ರವಣಬೆಳಗೊಳದಲ್ಲಿ 20 ಜನ ಕಾವಲಿಗೆ ಇಡಿಸಿದ, ಅದನ್ನೆಲ್ಲಾ ಕಲ್ಲಲ್ಲಿ ಕೆತ್ತಿಸಿದ. ಕಾವಲಿನ ಖರ್ಚಿಗೆ ಜೈನರ ಮನೆಗಳಿಂದಲೇ ವರ್ಷಕ್ಕೊಂದು ‘ಹಣ’ (ಆಗಿನ ನಾಣ್ಯ) ಎತ್ತಿದ್ದು ನನಗೆ ಸರಿ ಅನ್ಸಲ್ಲ, ರಕ್ಷಣೆಗೆ ದುಡ್ಡು ಯಾಕೆ ಕೊಡ್ಬೇಕು ಅವರು. ಆದ್ರೂ ಜಾಸ್ತಿ ಜನ ಇರೋರ ಮೇಲೆ ಕಡಿಮೆ ಜನ ಇರೋರ ಜವಾಬ್ದಾರಿ ಹೊರಿಸಿದ್ನಲ್ಲ, ಅದು ಇವತ್ತಿನ ಎಷ್ಟೋ ಶಾಂತಿ ಸಭೆಗಳಲ್ಲಿ ಯಾರ ಬಾಯಿಂದಾನೂ ಬರಲ್ಲ, ಇಬ್ಬರಿಗೂ ನೋಟಿಸ್ ಕೊಟ್ಟು, ಬೀದಿ ಬಂದ್ ಮಾಡಿ, ಟೀ ಕುಡಿದು ಎದ್ದು ಹೋಗ್ತಾರೆ.

ಕೋರ್ಟ್‌ಗಳೂ ಬರೀ ಟ್ರಾಫಿಕ್ ಬಗ್ಗೆ ಮಾತಾಡಿಲ್ಲ. 2019ರ ಡಿಸೆಂಬರಲ್ಲಿ ಬೆಂಗಳೂರಿಗೆ 144, ಅಂದ್ರೆ ಗುಂಪು ಸೇರಬಾರದು ಅನ್ನೋ ನಿಷೇಧಾಜ್ಞೆ ಹಾಕಿ, ಟೌನ್ ಹಾಲ್ ಹತ್ರ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ಪೊಲೀಸರು ಕರ್ಕೊಂಡು ಹೋಗಿದ್ರಲ್ಲ, ಆ ಆದೇಶ ಕಾನೂನುಬಾಹಿರ ಅಂತ 2020ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟೇ ಹೇಳಿದೆ. ಇಂಥ ಆದೇಶಗಳನ್ನ ಕಾರಣ ಸಮೇತ ಪ್ರಕಟ ಮಾಡ್ಬೇಕು ಅಂತ ಸುಪ್ರೀಂ ಕೋರ್ಟೂ ಅದೇ ವರ್ಷ ಹೇಳಿದೆ. ಈಗ 144 ಹೋಗಿ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಬಿಎನ್ಎಸ್ಎಸ್‌ನ ಸೆಕ್ಷನ್ 163 ಆಗಿದೆ, ನಂಬರ್ ಬದಲಾಗಿದೆ ಅಷ್ಟೇ.

ನಾನು ಕೇಳ್ತಿರೋದು ದೊಡ್ಡದೇನಲ್ಲ. 2021ರ ಆದೇಶವನ್ನ ತಿದ್ದಿ, ಫ್ರೀಡಂ ಪಾರ್ಕ್ ಜೊತೆಗೆ ಟೌನ್ ಹಾಲ್ ಥರ ಜನ ಓಡಾಡೋ ಬೇರೆ ಜಾಗಗಳನ್ನೂ ಸೇರಿಸಿ, ಭಾನುವಾರ ಬೆಳಿಗ್ಗೆ ಹೊತ್ತು, ರಸ್ತೆಯ ಒಂದು ಬದಿ ಬಿಟ್ಟುಕೊಂಡು ಹೋಗೋಕಾದ್ರೂ ದಾರಿ ಗುರುತು ಮಾಡಿ, ಪರ್ಮಿಶನ್ ಕೊಡಲ್ಲ ಅಂದ್ರೆ ಯಾಕೆ ಅಂತ ಬರವಣಿಗೆಯಲ್ಲಿ ಕೊಡಿ, ಅದೂ ಕೋರ್ಟಿಗೆ ಹೋಗೋಕೆ ಟೈಮ್ ಇರೋ ಹಾಗೆ, ಹಿಂದಿನ ರಾತ್ರಿ ಅಲ್ಲ. ಧಾರ್ಮಿಕ ಮೆರವಣಿಗೆಗೆ ಸಿಗೋ ರಸ್ತೆ ಅಂಗನವಾಡಿ ಕಾರ್ಯಕರ್ತೆಯರಿಗೆ, ರೈತರಿಗೆ ಯಾಕೆ ಸಿಗಲ್ಲ ಅನ್ನೋದಕ್ಕೂ ಆ ಆದೇಶದಲ್ಲೇ ಉತ್ತರ ಇರಲಿ. ಕರಡು ಮಾಡಿ ಮೊದಲು ಜನರ ಆಕ್ಷೇಪಣೆಗೆ ಬಿಡಿ, ಬರೋ ಸೆಪ್ಟೆಂಬರ್ 1ರ ಒಳಗೆ ಆದ್ರೆ ಒಳ್ಳೇದು, ಅವತ್ತು ಮೈಸೂರು ಚಲೋ ನೆನಪಿಗೆ ಟೌನ್ ಹಾಲಿಂದ ವಿಧಾನಸೌಧದ ತನಕ ನಡೆಯೋಕೆ ಅರ್ಜಿ ಹಾಕೋಣ ಅಂತ ನಾವೊಂದಷ್ಟು ಜನ ಮಾತಾಡ್ಕೊಂಡಿದ್ದೀವಿ. ನೀವೂ ಬರೋದಾದ್ರೆ ಬನ್ನಿ ಸರ್.

ಇಂತಿ,
ಬೆಂಗಳೂರಿನ ಒಬ್ಬ ಮತದಾರ