ಎದೆ ಒತ್ತುವ ತಾಳದ ಹಿಂದಿನ ಮೂವರು

ಪ್ರೀತಿಯ ಮಗಳೇ,

ಆಫೀಸಿನಲ್ಲಿ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ತರಬೇತಿ ಕೊಟ್ಟರು, ಎದೆ ಒತ್ತುವಾಗ ಲಯ ತಪ್ಪಬಾರದು ಅಂತ ಒಂದು ಹಳೇ ಇಂಗ್ಲಿಷ್ ಹಾಡು ಹಾಕಿದರು ಅಂದೆಯಲ್ಲ. 'ಯಾರಪ್ಪಾ ಇವರು, ಇದೊಂದೇ ಹಾಡು ಹಾಡಿದ್ದಾ?' ಅಂತಲೂ ಕೇಳಿದೆ. ಫೋನಿನಲ್ಲಿ ಎರಡು ಮಾತಲ್ಲಿ ಮುಗಿಸೋಕೆ ನನಗೆ ಮನಸ್ಸು ಬರಲಿಲ್ಲ.

ಹಾಡು 'ಸ್ಟೇಯಿಂಗ್ ಅಲೈವ್'. ಹಾಡಿದವರು ಬೀ ಜೀಸ್. ಬ್ಯಾರಿ ಗಿಬ್, ಅವರ ಅವಳಿ ತಮ್ಮಂದಿರು ರಾಬಿನ್ ಮತ್ತು ಮಾರಿಸ್. ಹುಟ್ಟಿದ್ದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ, ಒಂದಷ್ಟು ವರ್ಷ ಬೆಳೆದಿದ್ದು ಮ್ಯಾಂಚೆಸ್ಟರಿನಲ್ಲಿ. 1958ರಲ್ಲಿ ಮನೆಮಂದಿಯೆಲ್ಲ ಆಸ್ಟ್ರೇಲಿಯಾಕ್ಕೆ ಹೋದರು. ಹುಡುಗರು ಅಲ್ಲೇ ಹಾಡೋಕೆ ಶುರು ಮಾಡಿ, 1967ರಲ್ಲಿ ಇಂಗ್ಲೆಂಡಿಗೆ ವಾಪಸ್ ಬಂದರು. ಬಂದ ವರ್ಷವೇ ಹೆಸರಾಯಿತು. ಆಗ ಅವರದು ಕುಣಿಸುವ ಡಿಸ್ಕೋ ಅಲ್ಲ, ಮೆಲ್ಲಗೆ ಹಾಡುವ, ಕಣ್ಣಲ್ಲಿ ನೀರು ತರಿಸುವ ಹಾಡುಗಳು. 1969ರಲ್ಲಿ ಅಣ್ಣತಮ್ಮಂದಿರಿಗೆ ಜಗಳವಾಗಿ ರಾಬಿನ್ ಹೊರಟುಹೋದರು. ಮರುವರ್ಷ ಮತ್ತೆ ಸೇರಿಕೊಂಡರು. 1971ರಲ್ಲಿ ಅಮೆರಿಕದಲ್ಲಿ ಅವರ ಹಾಡು ಮೊದಲ ಸಲ ಒಂದನೇ ಸ್ಥಾನಕ್ಕೆ ಬಂತು.

ಅಲ್ಲಿಂದ ಇಳಿಜಾರು. ರೆಕಾರ್ಡುಗಳು ಮಾರಾಟವಾಗಲಿಲ್ಲ. 1973ರಲ್ಲಿ ರೆಕಾರ್ಡ್ ಮಾಡಿದ ಒಂದು ಇಡೀ ಆಲ್ಬಂ ಅನ್ನು ಕಂಪನಿಯವರು ಹೊರಗೇ ತರಲಿಲ್ಲ. 1974ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿ ಅನ್ನೋ ಊರಿನ ಕ್ಲಬ್ಬಿನಲ್ಲಿ ಹಾಡಿದರು. ಜನ ಊಟ ಮಾಡ್ತಾ, ಕುಡೀತಾ ಕೂತಿರುವ ಜಾಗ ಅದು. ಮದುವೆಮನೆಯಲ್ಲಿ ಪಂಕ್ತಿ ನಡೆಯುವಾಗ ಒಂದು ಮೂಲೆಯಲ್ಲಿ ಯಾರೋ ಹಾಡ್ತಿರ್ತಾರಲ್ಲ, ಹಾಗೆ. ದೊಡ್ಡ ದೊಡ್ಡ ಗಾಯಕರೂ ಅಲ್ಲಿ ಹಾಡಿದ್ದಾರೆ, ಜಾಗವನ್ನು ನಾನು ಹಳಿಯುತ್ತಿಲ್ಲ. ಆದರೆ ಈ ಮೂವರಿಗೆ ಅದು ತೀರಾ ಕೆಳಗಿನ ಮೆಟ್ಟಿಲಾಗಿತ್ತು. ಬ್ಯಾರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ ಕಣಮ್ಮ, ಆಗಲೇ ಹಳಬರು ಅನ್ನಿಸಿಕೊಂಡಿದ್ದರು.

ಡಿಸ್ಕೋ ಬಂತು, ಇವರನ್ನು ಎತ್ತಿತು ಅಂತ ಜನ ಹೇಳ್ತಾರೆ. ನಾನು ಒಪ್ಪಲ್ಲ. ಇವರ ಹಾಡುಗಳಿದ್ದ ಡಿಸ್ಕೋ ಸಿನಿಮಾ 'ಸ್ಯಾಟರ್ಡೇ ನೈಟ್ ಫೀವರ್' ಬಂದಿದ್ದು 1977ರ ಕೊನೆಗೆ. ಇವರು ಬದಲಾಗಿದ್ದು ಅದಕ್ಕೂ ಎರಡು ವರ್ಷ ಮೊದಲು. ಸ್ಥಳ ಬದಲಿಸಿ, ಅಮೆರಿಕದ ಮಯಾಮಿಗೆ ಹೋಗಿ ಅಂತ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹೇಳಿದರು, ಇವರು ಹೋದರು. ಇಸ್ತಾಂಬುಲ್‌ನಲ್ಲಿ ಹುಟ್ಟಿದ ಆರಿಫ್ ಮಾರ್ಡಿನ್ ಅನ್ನುವ ನಿರ್ಮಾಪಕರ ಜೊತೆ ಮಾಡಿದ ಮೊದಲ ಆಲ್ಬಂ ಸೋತಿತ್ತು, ಆದರೂ ಅವರನ್ನೇ ಮತ್ತೆ ಕರೆದುಕೊಂಡರು. ಈಗಿನ ಕಾಲದ ಹಾಡು ಕೇಳಿ ಅಂತ ಮಾರ್ಡಿನ್ ಈ ಮೂವರಿಗೆ ಒತ್ತಾಯ ಮಾಡಿದರು. ಒಂದು ಹಾಡಿನ ಕೊನೆಗೆ ಯಾರಾದರೂ ಸ್ವರ ಏರಿಸಿ ಕೂಗಿ ಅಂದರು. ಬ್ಯಾರಿ ಕೂಗಿದರು. ನೀನು ಕೇಳಿದ ಆ ತೆಳ್ಳಗಿನ, ಎತ್ತರದ ದನಿ ಹುಟ್ಟಿದ್ದು ಹಾಗೆ. ಇಷ್ಟು ವರ್ಷ ಹಾಡಿಯೂ ತನ್ನ ಗಂಟಲಲ್ಲಿ ಅದಿದೆ ಅಂತ ಅವರಿಗೇ ಗೊತ್ತಿರಲಿಲ್ಲ!

ಸ್ಟುಡಿಯೋಗೆ ಹೋಗುವ ದಾರಿಯಲ್ಲಿ ಒಂದು ಸೇತುವೆ. ಅದರ ಜೋಡಣೆಗಳ ಮೇಲೆ ಕಾರಿನ ಚಕ್ರ ಹರಿದಾಗ ಟಕ್ ಟಕ್ ಟಕ್ ಅಂತ ಸದ್ದು. ಬ್ಯಾರಿಯವರ ಹೆಂಡತಿ ಲಿಂಡಾ ಅದನ್ನು ಗಮನಿಸಿ ಹೇಳಿದರು. ಆ ಸದ್ದಿನಿಂದಲೇ 'ಜೈವ್ ಟಾಕಿಂಗ್' ಹಾಡು ಬಂತು. ಬೀ ಜೀಸ್ ಅಂದರೆ ರೇಡಿಯೋದವರು ಮೂಗು ಮುರಿಯುತ್ತಿದ್ದ ಕಾಲ. ಅದಕ್ಕೆ ಕಂಪನಿಯವರು ಲೇಬಲ್ ಮೇಲೆ ಹೆಸರೇ ಇಲ್ಲದೆ ರೆಕಾರ್ಡ್ ಕಳಿಸಿದರು. ಯಾರದು ಅಂತ ಗೊತ್ತಿಲ್ಲದೆ ಕೇಳಿದವರಿಗೆ ಹಿಡಿಸಿತು. 1975ರ ಆಗಸ್ಟಿನಲ್ಲಿ ಅದು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೇರಿತು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಭಾಗ.

ಈಗ ನಿನ್ನ ಹಾಡಿಗೆ ಬರ್ತೀನಿ. 1977ರಲ್ಲಿ ಫ್ರಾನ್ಸಿನ ಒಂದು ಹಳೇ ಬಂಗಲೆಯ ಸ್ಟುಡಿಯೋದಲ್ಲಿ ಕೆಲಸ ನಡೆಯುತ್ತಿತ್ತು. ಮನೆಯಲ್ಲಿ ಹುಷಾರಿಲ್ಲ ಅಂತ ಡ್ರಮ್ಸ್ ಬಾರಿಸುವ ಡೆನಿಸ್ ಬ್ರೈಯನ್ ಊರಿಗೆ ಹೋಗಬೇಕಾಯಿತು. ಆಗ ಉಳಿದವರು 'ನೈಟ್ ಫೀವರ್' ಹಾಡಿಗೆ ಆತ ಬಾರಿಸಿದ್ದ ಡ್ರಮ್ಸಿನ ಸ್ವಲ್ಪ ಭಾಗವನ್ನು ಟೇಪಿನಿಂದ ಕತ್ತರಿಸಿ, ಎರಡು ತುದಿ ಅಂಟಿಸಿ, ಮೆಷಿನ್ನಿನಲ್ಲಿ ಸುತ್ತು ಹಾಕಿಸಿದರು. ಅದೇ ತುಂಡು, ಮತ್ತೆ ಮತ್ತೆ, 'ಸ್ಟೇಯಿಂಗ್ ಅಲೈವ್' ಹಾಡಿನುದ್ದಕ್ಕೂ. ಆಲ್ಬಂ ಮೇಲೆ ಡ್ರಮ್ಮರ್ ಹೆಸರನ್ನು ತಮಾಷೆಗೆ 'ಬರ್ನಾರ್ಡ್ ಲೂಪ್' ಅಂತ ಹಾಕಿದರು, ಲೂಪ್ ಅಂದರೆ ಸುತ್ತು, ಅಂಥ ಮನುಷ್ಯನೇ ಇರಲಿಲ್ಲ. ನಿಮಿಷಕ್ಕೆ ಸುಮಾರು 103 ಪೆಟ್ಟು. ಎದೆ ಒತ್ತಬೇಕಾದದ್ದು ನಿಮಿಷಕ್ಕೆ 100ರಿಂದ 120 ಸಲ ಅಂತ ನಿನಗೆ ಹೇಳಿಕೊಟ್ಟಿರುತ್ತಾರೆ, ಅಲ್ವಾ? ತಾಳ ಅಷ್ಟು ನೆಟ್ಟಗೆ ಇರೋದು ಆ ಟೇಪಿನ ತುಂಡಿನಿಂದ.

ಈ ಹಾಡಿರುವ ಆ ಸಿನಿಮಾದ ಆಲ್ಬಂ ಅಮೆರಿಕದಲ್ಲಿ 24 ವಾರ ಒಂದನೇ ಸ್ಥಾನದಲ್ಲಿತ್ತು. ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು, ಮುಗಿಯಲಿಲ್ಲ. 1979ರ ಜುಲೈ 12ರಂದು ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಜನರ ಮನಸ್ಸು ತಿರುಗಿತು. ರೇಡಿಯೋಗಳು ಇವರ ಹಾಡು ನಿಲ್ಲಿಸಿದವು. ನೆನ್ನೆ ಹೊತ್ತು ಮೆರೆಸಿದವರೇ ಇವತ್ತು ಹೆಸರು ಕೇಳಿದರೆ ನಗುತ್ತಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತೆ.

ಅವರು ಮಾಡಿದ್ದೇನು ಗೊತ್ತಾ? ಬೇರೆಯವರಿಗೆ ಹಾಡು ಬರೆದುಕೊಟ್ಟರು. ಬಾರ್ಬ್ರಾ ಸ್ಟ್ರೈಸೆಂಡ್, ಡಿಯಾನ್ ವಾರ್ವಿಕ್, ಕೆನಿ ರೋಜರ್ಸ್ ಮತ್ತು ಡಾಲಿ ಪಾರ್ಟನ್ ಅವರ ದನಿಯಲ್ಲಿ ಅವೇ ಹಾಡುಗಳು ಊರೆಲ್ಲ ಕೇಳಿಸಿದವು. ಬರೆದವರು ಯಾರು ಅಂತ ಎಷ್ಟೋ ಜನ ನೋಡಲೂ ಇಲ್ಲ. ಇವರು ಮಾತ್ರ ಬರೆಯೋದು ಬಿಡಲಿಲ್ಲ. 1987ರಲ್ಲಿ 'ಯು ವಿನ್ ಅಗೇನ್' ತಂದರು, ಅದು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅರವತ್ತು, ಎಪ್ಪತ್ತು, ಎಂಬತ್ತು, ಮೂರೂ ದಶಕಗಳಲ್ಲಿ ಅಲ್ಲಿ ಆ ಸ್ಥಾನಕ್ಕೆ ಏರಿದ ಮೊದಲ ತಂಡ ಇವರದು. ನನ್ನ ಲೆಕ್ಕದಲ್ಲಿ ಈ ಎರಡನೇ ಮರಳುವಿಕೆಯೇ ದೊಡ್ಡದು. ಮೊದಲ ಸಲ ಜನ ಅವರನ್ನು ಮರೆತಿದ್ದರು ಅಷ್ಟೆ, ಈ ಸಲ ಬೇಡ ಅಂದಿದ್ದರು.

ಹಾಗಾಗಿ ಒಂದೇ ಹಾಡಿನವರು ಅಂತ ಮಾತ್ರ ಅನ್ನಬೇಡಮ್ಮ. ಪುರುಸೊತ್ತು ಮಾಡಿಕೊಂಡು 1975ರ ಆಲ್ಬಂ 'ಮೇನ್ ಕೋರ್ಸ್' ಕೇಳು. ಹೆಡ್‌ಫೋನ್ ಹಾಕಿಕೊಂಡೇ ಕೇಳು. 'ಜೈವ್ ಟಾಕಿಂಗ್' ಶುರುವಾದಾಗ ಆ ಸೇತುವೆ ಸಿಗುತ್ತಾ ನೋಡಿ ಹೇಳು.

ನಿನ್ನ,
ಅಪ್ಪ