ಅನುಪಾತ ಲೆಕ್ಕ ಹಾಕಿದ ಮಾತ್ರಕ್ಕೆ ಮೌಲ್ಯಮಾಪನ ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ನಿರ್ವಹಣಾಶಾಸ್ತ್ರದ ಸ್ನಾತಕೋತ್ತರ ಪಠ್ಯಕ್ರಮಗಳಲ್ಲಿ ವ್ಯವಹಾರ ಸಂಸ್ಥೆಗಳ ಸಾಧನೆಯನ್ನು ವಿಶ್ಲೇಷಿಸುವ ವಿಷಯಕ್ಕೆ ಗೌರವದ ಸ್ಥಾನವೇ ಇದೆ. ಆದರೆ ಅದನ್ನು ಪರೀಕ್ಷಿಸುವ ಕ್ರಮ ವಿಷಯದ ಉದ್ದೇಶವನ್ನೇ ಹಿಂದಕ್ಕೆ ತಳ್ಳಿದೆ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಪ್ರಶ್ನೆಪತ್ರಿಕೆಯಲ್ಲಿ ಚೊಕ್ಕವಾಗಿ ಜೋಡಿಸಿಟ್ಟ ಒಂದು ಬ್ಯಾಲೆನ್ಸ್ ಶೀಟ್, ಪಕ್ಕದಲ್ಲಿ ಒಂದು ಲಾಭ-ನಷ್ಟ ಪಟ್ಟಿ, ಕೆಳಗೆ ‘ಅನುಪಾತಗಳನ್ನು ಲೆಕ್ಕ ಹಾಕಿ, ಅಭಿಪ್ರಾಯ ನೀಡಿ’ ಎಂಬ ಸೂಚನೆ ಇರುತ್ತದೆ. ಅಂಕಗಳೆಲ್ಲ ಲೆಕ್ಕಕ್ಕೇ ಹೋಗಿ, ಅಭಿಪ್ರಾಯದ ಪಾಲಿಗೆ ಒಂದೋ ಎರಡೋ ಉಳಿಯುತ್ತವೆ. ಆ ಒಂದೆರಡು ಅಂಕಕ್ಕೆ ತಕ್ಕಷ್ಟೇ ಉತ್ತರವೂ ಬರುತ್ತದೆ: ‘ಚಾಲ್ತಿ ಅನುಪಾತ ಕಳೆದ ವರ್ಷಕ್ಕಿಂತ ಹೆಚ್ಚಾಗಿದೆ, ಆದ್ದರಿಂದ ಸಂಸ್ಥೆಯ ಸ್ಥಿತಿ ತೃಪ್ತಿಕರವಾಗಿದೆ.’ ಉತ್ತರಪತ್ರಿಕೆಗಳನ್ನು ತಿದ್ದುವ ನಮ್ಮಂಥವರಿಗೆ ಈ ವಾಕ್ಯ ಬಾಯಿಪಾಠವಾಗಿಬಿಟ್ಟಿದೆ.

ಆ ವಾಕ್ಯದಲ್ಲಿ ಏನು ತಪ್ಪಿದೆ ಎಂದು ಯಾರಾದರೂ ಕೇಳಬಹುದು. ಒಂದು ಸಂಸ್ಥೆಯ ಚಾಲ್ತಿ ಆಸ್ತಿ (ವರ್ಷದೊಳಗೆ ನಗದಾಗುವಂಥದ್ದು) 150, ಚಾಲ್ತಿ ಹೊಣೆ (ವರ್ಷದೊಳಗೆ ತೀರಿಸಬೇಕಾದದ್ದು) 100 ಎಂದಿಟ್ಟುಕೊಳ್ಳೋಣ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಚಾಲ್ತಿ ಅನುಪಾತ ಒಂದೂವರೆ. ಲೆಕ್ಕಪತ್ರ ವರ್ಷದ ಕೊನೆಯ ದಿನ ಕೈಯಲ್ಲಿರುವ ನಗದಿನಿಂದ 50ರಷ್ಟು ಬಾಕಿಯನ್ನು ತೀರಿಸಿಬಿಟ್ಟರೆ ಆಸ್ತಿ 100ಕ್ಕೂ ಹೊಣೆ 50ಕ್ಕೂ ಇಳಿದು, ಪಠ್ಯಪುಸ್ತಕಗಳು ಆದರ್ಶವೆಂದು ಹೇಳುವ ಎರಡಕ್ಕೆ ಅನುಪಾತ ಏರುತ್ತದೆ. ಆ ಒಂದು ದಿನದಲ್ಲಿ ವ್ಯವಹಾರ ಕಿಂಚಿತ್ತೂ ಸುಧಾರಿಸಿರುವುದಿಲ್ಲ. ಇನ್ನೊಂದೆಡೆ, ಗ್ರಾಹಕರಿಂದ ಕೂಡಲೇ ಹಣ ಪಡೆದು ಪೂರೈಕೆದಾರರಿಗೆ ವಾರಗಳ ನಂತರ ಪಾವತಿ ಮಾಡುವ ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆಗಳ ಚಾಲ್ತಿ ಅನುಪಾತ ಒಂದಕ್ಕಿಂತ ಕಡಿಮೆ ಇರುವುದು ಸಾಮಾನ್ಯ, ಅದು ಅವುಗಳ ವ್ಯವಹಾರದ ಬಲವೂ ಹೌದು. ಒಂದೇ ಅಂಕಿ ಒಂದು ಕಡೆ ರೋಗಲಕ್ಷಣವಾಗಿ, ಇನ್ನೊಂದು ಕಡೆ ಆರೋಗ್ಯದ ಗುರುತಾಗಿ ಕಾಣುವುದಾದರೆ, ವಿದ್ಯಾರ್ಥಿ ಕಲಿಯಬೇಕಾದದ್ದು ಆ ವ್ಯತ್ಯಾಸವನ್ನು ಗುರುತಿಸುವುದನ್ನು.

ಷೇರುದಾರರ ಬಂಡವಾಳದ ಮೇಲಿನ ಪ್ರತಿಫಲದ ವಿಚಾರದಲ್ಲೂ ಹೀಗೆಯೇ. 1910ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಹೂಡಿಕೆಯ ಪ್ರತಿಫಲವನ್ನು ಮಾರಾಟದ ಮೇಲಿನ ಲಾಭ, ಆಸ್ತಿಯ ವಹಿವಾಟು (ಆಸ್ತಿಯ ಎಷ್ಟು ಪಟ್ಟು ಮಾರಾಟ ನಡೆದಿದೆ ಎಂಬುದು) ಎಂದು ಎರಡಾಗಿ ಒಡೆದು ನೋಡುವ ಕ್ರಮವನ್ನು ರೂಪಿಸಿದರು. ಸಾಲದ ಅವಲಂಬನೆಯನ್ನು ತೋರಿಸುವ ಮೂರನೆಯ ಅಂಶ, ಅಂದರೆ ಷೇರುದಾರರ ಬಂಡವಾಳದ ಎಷ್ಟು ಪಟ್ಟು ಆಸ್ತಿ ಇದೆ ಎಂಬುದು, ಆಮೇಲೆ ಸೇರಿತು. ಮೂರನ್ನೂ ಗುಣಿಸಿದರೆ ಷೇರುದಾರರ ಪ್ರತಿಫಲ ಬರುತ್ತದೆ. ಶೇ 10ರ ಲಾಭ, ಒಂದು ಪಟ್ಟು ವಹಿವಾಟು, ಬಂಡವಾಳದ ಎರಡು ಪಟ್ಟು ಆಸ್ತಿ ಇರುವ ಸಂಸ್ಥೆಗೆ ಶೇ 20ರ ಪ್ರತಿಫಲ ಸಿಗುತ್ತದೆ. ಶೇ 2ರ ಲಾಭ, ಎರಡು ಪಟ್ಟು ವಹಿವಾಟು, ಬಂಡವಾಳದ ಐದು ಪಟ್ಟು ಆಸ್ತಿ ಇರುವ ಸಂಸ್ಥೆಗೂ ಅದೇ ಶೇ 20. ಎರಡನೆಯದರಲ್ಲಿ ಪ್ರತಿ ಐದು ಪಾಲು ಆಸ್ತಿಯಲ್ಲಿ ನಾಲ್ಕು ಪಾಲು ಇತರರ ಹಣದಿಂದ ನಿಂತಿದ್ದು, ಮಾರಾಟದ ಬೆಲೆ ತುಸು ಕುಸಿದರೂ ಲಾಭ ಅಳಿಸಿಹೋಗುತ್ತದೆ. ಈ ಸೂತ್ರವನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಗಳು ಬೇಕಾದಷ್ಟಿದ್ದಾರೆ. ಈ ಎರಡು ಸಂಸ್ಥೆಗಳಲ್ಲಿ ಯಾವುದಕ್ಕೆ ಸಾಲ ಕೊಡುವಿರಿ, ಏಕೆ ಎಂದು ಕೇಳಿದರೆ ತಡಬಡಾಯಿಸುವವರೂ ಅವರೇ. ದೋಷ ಅವರದ್ದಲ್ಲ, ಹಾಗೆ ಕೇಳುವ ಪ್ರಶ್ನೆ ಅವರಿಗೆ ಎದುರಾಗಿರುವುದೇ ಇಲ್ಲ.

ಬ್ರಿಟನ್ನಿನ ನಿರ್ಮಾಣ ಮತ್ತು ಸೇವಾ ಕಂಪನಿ ಕ್ಯಾರಿಲಿಯನ್‌ನ ಪ್ರಕರಣವನ್ನು ಪ್ರತಿ ತರಗತಿಯಲ್ಲೂ ಓದಿಸಬೇಕೆಂಬುದು ನನ್ನ ಅಭಿಮತ. 1999ರಲ್ಲಿ ಹುಟ್ಟಿದ ಈ ಕಂಪನಿ ವರ್ಷದಿಂದ ವರ್ಷಕ್ಕೆ ಲಾಭಾಂಶವನ್ನು ಹೆಚ್ಚಿಸುತ್ತಲೇ ಬಂದಿತ್ತು. 2016ರ ಲೆಕ್ಕಪತ್ರಗಳಿಗೆ ಲೆಕ್ಕಪರಿಶೋಧಕರು 2017ರ ಮಾರ್ಚ್‌ನಲ್ಲಿ ಯಾವ ತಕರಾರೂ ಇಲ್ಲದೆ ಸಹಿ ಹಾಕಿದ್ದರು. ನಾಲ್ಕೇ ತಿಂಗಳಲ್ಲಿ, ಜುಲೈನಲ್ಲಿ, ಗುತ್ತಿಗೆಗಳ ಮೌಲ್ಯದಲ್ಲಿ 84.5 ಕೋಟಿ ಪೌಂಡ್ ಕಡಿತವನ್ನು ಕಂಪನಿ ಘೋಷಿಸಿತು. 2018ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಆಗ ಅದರ ಹೊಣೆಗಳು ಸುಮಾರು 700 ಕೋಟಿ ಪೌಂಡ್, ಕೈಯಲ್ಲಿದ್ದ ನಗದು 2.9 ಕೋಟಿ ಪೌಂಡ್ ಎಂದು ಸಂಸದೀಯ ಸಮಿತಿಗಳ ವರದಿ ದಾಖಲಿಸಿದೆ. ಕಂಪನಿಯ ಲಾಭದಲ್ಲಿ ದೊಡ್ಡ ಪಾಲು ಮುಗಿಯದ ಗುತ್ತಿಗೆಗಳಿಂದ ಮುಂದೆ ಬರಬಹುದಾದ ಆದಾಯದ ಅಂದಾಜಿನ ಮೇಲೆ ನಿಂತಿತ್ತು. ಪೂರೈಕೆದಾರರಿಗೆ ಬ್ಯಾಂಕುಗಳೇ ಮೊದಲು ಹಣ ಕೊಟ್ಟು, ಆಮೇಲೆ ಕಂಪನಿಯಿಂದ ವಸೂಲು ಮಾಡಿಕೊಳ್ಳುವ ಒಂದು ಏರ್ಪಾಡು ಇತ್ತು. ಅದರಿಂದ ಹುಟ್ಟಿದ ಹೊಣೆಯನ್ನು ಬ್ಯಾಂಕ್ ಸಾಲವೆಂದು ತೋರಿಸದೆ ಇತರ ಬಾಕಿಗಳ ಸಾಲಿನಲ್ಲಿ ಸೇರಿಸಲಾಗಿತ್ತು. ಹೀಗಾಗಿ ಸಾಲದ ಅನುಪಾತವನ್ನು ಸೂತ್ರದ ಪ್ರಕಾರ ಎಷ್ಟೇ ಶುದ್ಧವಾಗಿ ಲೆಕ್ಕ ಹಾಕಿದರೂ ನಿಜವಾದ ಸಾಲ ಅದರಲ್ಲಿ ಕಾಣಿಸುತ್ತಿರಲಿಲ್ಲ. ಲಾಭವನ್ನೂ ನಗದಿನ ಹರಿವನ್ನೂ ಅಕ್ಕಪಕ್ಕ ಇಟ್ಟು, ಲಾಭಾಂಶ ಕೊಡಲು ಹಣ ಎಲ್ಲಿಂದ ಬರುತ್ತಿದೆ ಎಂದು ವಿಚಾರಿಸಿದವರಿಗೆ, ‘ಇತರ’ ಎಂಬ ತಲೆಬರಹದ ಕೆಳಗೆ ಬೆಳೆಯುತ್ತಿದ್ದ ಮೊತ್ತ ಯಾವುದೆಂದು ಹುಡುಕಿದವರಿಗೆ ಮಾತ್ರ ಅನುಮಾನ ಹುಟ್ಟುವ ಸಾಧ್ಯತೆಯಿತ್ತು. ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗುವ ಬ್ಯಾಲೆನ್ಸ್ ಶೀಟಿಗೆ ಮೊತ್ತಗಳ ವಿವರ ಕೊಡುವ ಟಿಪ್ಪಣಿಗಳೇ ಇರುವುದಿಲ್ಲವಾದ್ದರಿಂದ, ಹಾಗೆ ಹುಡುಕುವ ಅಭ್ಯಾಸ ಬೆಳೆಯುವ ಅವಕಾಶವೂ ಇಲ್ಲ.

ಹಣಕಾಸಿನಾಚೆಗಿನ ಅಳತೆಗಳನ್ನು ಸೇರಿಸಿದರೆ ಈ ಕೊರತೆ ತುಂಬುತ್ತದೆ ಎಂದು ಕೆಲವು ಸಹೋದ್ಯೋಗಿಗಳು ವಾದಿಸುತ್ತಾರೆ. ಹಣಕಾಸು, ಗ್ರಾಹಕರು, ಒಳಗಿನ ಕಾರ್ಯವಿಧಾನ, ಕಲಿಕೆ ಎಂಬ ನಾಲ್ಕು ಕೋನಗಳಿಂದ ಸಾಧನೆಯನ್ನು ಅಳೆಯಲು ಕಪ್ಲಾನ್ ಮತ್ತು ನಾರ್ಟನ್ 1992ರಲ್ಲಿ ಮುಂದಿಟ್ಟ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಅದೇ ಉದ್ದೇಶದ್ದು, ಮತ್ತು ಅದು ನಿಜಕ್ಕೂ ಉಪಯುಕ್ತವಾದುದು. ಆದರೆ ತರಗತಿಯಲ್ಲಿ ಅದು ನಾಲ್ಕು ಚೌಕಗಳ ಚಿತ್ರವಾಗಿ ಉಳಿದಿದೆ. (ಚಿತ್ರ ಅಂದವಾಗಿದ್ದರೆ ಅಂಕವೂ ಅಂದವಾಗಿಯೇ ಬರುತ್ತದೆ.) ಅಳತೆಯನ್ನು ಗುರಿಯನ್ನಾಗಿ ಮಾಡಿದಾಗ ಜನರ ನಡವಳಿಕೆ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಯನ್ನು ಆ ಚಿತ್ರ ಕೇಳುವುದಿಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಪ್ರತಿ ಗ್ರಾಹಕನಿಗೆ ಎಷ್ಟು ಸೇವೆಗಳನ್ನು ಮಾರಲಾಗಿದೆ ಎಂಬುದನ್ನು ತನ್ನ ಹೆಮ್ಮೆಯ ಅಳತೆಯಾಗಿ ತೋರಿಸಿಕೊಳ್ಳುತ್ತಿತ್ತು. ಆ ಗುರಿ ಮುಟ್ಟಲು ಸಿಬ್ಬಂದಿ ಗ್ರಾಹಕರ ಒಪ್ಪಿಗೆಯಿಲ್ಲದೆಯೇ ಲಕ್ಷಗಟ್ಟಲೆ ಖಾತೆಗಳನ್ನು ತೆರೆದಿದ್ದು ಬಯಲಾಗಿ, 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಹಗರಣ ಹೊರಬರುವವರೆಗೂ ಸಾಧನೆಯ ಪಟ್ಟಿಯಲ್ಲಿ ಆ ಅಂಕಿ ಮೆಚ್ಚುಗೆಗೆ ಪಾತ್ರವಾಗಿತ್ತು.

ವಿದ್ಯಾರ್ಥಿಗಳು ಸಿದ್ಧಪಡಿಸುವ ಯೋಜನಾ (ಪ್ರಾಜೆಕ್ಟ್) ವರದಿಗಳ ಬಗ್ಗೆಯೂ ಒಂದು ಮಾತು. 1968ರಲ್ಲಿ ಎಡ್ವರ್ಡ್ ಆಲ್ಟ್‌ಮನ್ ದಿವಾಳಿಯ ಸಂಭವವನ್ನು ಅಂದಾಜಿಸಲು ರೂಪಿಸಿದ ಝಡ್-ಸ್ಕೋರ್ ಸೂತ್ರ 66 ತಯಾರಿಕಾ ಸಂಸ್ಥೆಗಳ ಮಾಹಿತಿಯಿಂದ ಹುಟ್ಟಿದ್ದು. ಅದನ್ನು ಬ್ಯಾಂಕುಗಳಿಗೂ ಸಾಫ್ಟ್‌ವೇರ್ ಕಂಪನಿಗಳಿಗೂ ಹಾಗೆಯೇ ಅನ್ವಯಿಸಿ, ಬಂದ ಅಂಕಿಯನ್ನು ಕೋಷ್ಟಕದಲ್ಲಿ ತುಂಬಿ, ಕೋಷ್ಟಕದಲ್ಲಿರುವುದನ್ನೇ ಕೆಳಗೆ ವಾಕ್ಯದಲ್ಲಿ ಮತ್ತೆ ಹೇಳಿದ ವರದಿಗಳು ಅನುಮೋದನೆ ಪಡೆಯುತ್ತವೆ. ಗೇಣಿ ಒಪ್ಪಂದಗಳ ಹೊಣೆಯನ್ನು ಬ್ಯಾಲೆನ್ಸ್ ಶೀಟಿಗೆ ತರುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 2019ರಲ್ಲಿ ಜಾರಿಗೆ ಬಂದಾಗ, ಅಂಗಡಿ ಮಳಿಗೆಗಳನ್ನೋ ವಿಮಾನಗಳನ್ನೋ ಗೇಣಿಗೆ ಪಡೆದ ಕಂಪನಿಗಳ ಸಾಲ ಕಾಗದದ ಮೇಲೆ ಒಮ್ಮೆಲೇ ಏರಿತು. ಆ ವರ್ಷವನ್ನು ಮಧ್ಯದಲ್ಲಿಟ್ಟು ಐದು ವರ್ಷಗಳ ಹೋಲಿಕೆ ಮಾಡಿ, ‘ಕಂಪನಿ ಅತಿಯಾಗಿ ಸಾಲ ಮಾಡಿದೆ’ ಎಂದು ತೀರ್ಮಾನಿಸುವ ವರದಿಯನ್ನು ತಡೆದು ನಿಲ್ಲಿಸಬೇಕಾದವರು ಮಾರ್ಗದರ್ಶಕರು.

ಅನುಪಾತಗಳ ಲೆಕ್ಕವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡಿಕೊಡುತ್ತದೆ. ಅದನ್ನೇ ಮೂರು ಗಂಟೆ ಕೂರಿಸಿ ಕೈಯಲ್ಲಿ ಮಾಡಿಸುವುದರಿಂದ ಸ್ನಾತಕೋತ್ತರ ಮಟ್ಟದ ಸಾಮರ್ಥ್ಯದ ಪರೀಕ್ಷೆಯಾಗದು. ಹೆಸರು ಮರೆಮಾಚಿದ ಒಂದು ನಿಜವಾದ ವಾರ್ಷಿಕ ವರದಿಯನ್ನು ಟಿಪ್ಪಣಿಗಳ ಸಮೇತ ವಿದ್ಯಾರ್ಥಿಗಳ ಕೈಗಿಟ್ಟು, ಅನುಪಾತಗಳನ್ನೂ ನಾವೇ ಲೆಕ್ಕ ಹಾಕಿ ಕೊಟ್ಟು, ಈ ಸಂಸ್ಥೆಯಲ್ಲಿ ಬಂಡವಾಳ ಹೂಡುವಿರಾ, ಯಾವ ಅಂಕಿಯನ್ನು ನಂಬುವುದಿಲ್ಲ, ಇನ್ನೂ ಯಾವ ಮಾಹಿತಿ ಬೇಕು ಎಂದು ಬರೆಯಿಸಬೇಕು. ಹೂಡುತ್ತೇನೆ ಎಂದವರಿಗೂ ಒಲ್ಲೆ ಎಂದವರಿಗೂ ಕಾರಣಗಳು ಗಟ್ಟಿಯಾಗಿದ್ದರೆ ಪೂರ್ಣ ಅಂಕ ಸಿಗಬೇಕು. ಇದಕ್ಕೆ ಬರುವ ಆಕ್ಷೇಪ ಗೊತ್ತಿರುವುದೇ: ಇಂಥ ಉತ್ತರಗಳನ್ನು ತಿದ್ದಲು ಸಮಯ ಹಿಡಿಯುತ್ತದೆ, ಪರೀಕ್ಷಕರಿಂದ ಪರೀಕ್ಷಕರಿಗೆ ಅಂಕಗಳು ಬದಲಾಗುತ್ತವೆ, ಮರುಮೌಲ್ಯಮಾಪನದ ಅರ್ಜಿಗಳು ಹೆಚ್ಚುತ್ತವೆ. ಮೊದಲನೆಯದನ್ನು ನಾನು ಅಲ್ಲಗಳೆಯುವುದಿಲ್ಲ. ಉಳಿದವಕ್ಕೆ ಯಾವ ವಾದಕ್ಕೆ ಎಷ್ಟು ಅಂಕ, ಯಾವ ಸಾಕ್ಷ್ಯ ಕಡ್ಡಾಯ ಎಂಬುದನ್ನು ಮೊದಲೇ ಬರೆದಿಟ್ಟ ಮಾನದಂಡ ಸಾಕಾಗುತ್ತದೆ. ಭಾಷೆ, ಇತಿಹಾಸಗಳ ಪರೀಕ್ಷಕರು ಅಭಿಪ್ರಾಯದ ಉತ್ತರಗಳನ್ನು ತಿದ್ದುತ್ತಲೇ ಬಂದಿದ್ದಾರೆ. ಎಲ್ಲ ಪತ್ರಿಕೆಗಳನ್ನೂ ಒಟ್ಟಿಗೆ ಬದಲಿಸಬೇಕೆಂಬ ಹಟ ನನಗಿಲ್ಲ. ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿ ಅಧ್ಯಯನ ಮಂಡಳಿಗಳು ಈ ಒಂದು ಪತ್ರಿಕೆಯ ಅರ್ಧ ಅಂಕಗಳನ್ನಾದರೂ ಇಂಥ ಪ್ರಶ್ನೆಗೆ ಮೀಸಲಿಟ್ಟು, ಪರೀಕ್ಷೆ ಮುಗಿದ ಮೇಲೆ ಆ ಸಂಸ್ಥೆಯ ಹೆಸರನ್ನೂ ಅದಕ್ಕೆ ಮುಂದೇನಾಯಿತು ಎಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸಲಿ ಎಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿರ್ವಹಣಾಶಾಸ್ತ್ರದ ಒಬ್ಬ ಅಧ್ಯಾಪಕ